ಸತ್ತವರು ನಮಸ್ಕಾರಕ್ಕೆ ಬರುವಂತಿಲ್ಲ

ಒಬ್ಬ ಅಜ್ಜಿಯ ಫೋಟೋಗಾಗಿ ನಾನು ಸಿಡ್ನಿಯಲ್ಲಿ ಪ್ಯಾರಮಟ್ಟಾದಿಂದ ರೌಸ್ ಹಿಲ್‌ವರೆಗಿನ ಕನ್ನಡಿಗರ ಮನೆ ಬಾಗಿಲನ್ನೆಲ್ಲ ತಟ್ಟಿದೆ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷವಾಗಿದ್ದ ಕಾಲ. ಮೆಲ್ಬರ್ನಿನ ಕನ್ನಡ ಸಂಘದವರು ದೀಪಾವಳಿಗೆ ನಮ್ಮ ನಾಟಕವನ್ನು ಕರೆಸಿದ್ದರು. ಬರೆದವಳೂ ಆಡಿಸುವವಳೂ ನಾನೇ. ಅದರಲ್ಲಿ ಅತ್ತೆ ಸತ್ತುಹೋಗಿದ್ದಾಳೆ, ಇನ್ನು ಮನೆಗೆ ಯಜಮಾನಿ ಯಾರು ಎಂದು ಮೂವರು ಸೊಸೆಯರು ಅವಳ ಫೋಟೋದ ಮುಂದೆಯೇ ಜುಟ್ಟು ಹಿಡಿದು ಜಗಳವಾಡುತ್ತಾರೆ. ಫೋಟೋ ಕೊನೇ ಸಾಲಿಗೂ ಕಾಣುವಷ್ಟು ದೊಡ್ಡದಿರಬೇಕು, ಅದಕ್ಕೊಂದು ಗಂಧದ ಹಾರ ಇರಬೇಕು.

ಹಾರ ಸಿಕ್ಕಿತು, ಫೋಟೋ ಸಿಗಲಿಲ್ಲ. ಅಜ್ಜಿ ಬದುಕಿದ್ದವರು, “ಹಾರ ಹಾಕ್ತೀಯಾ? ಬಿಡ್ತು ಅನ್ನು!” ಎಂದು ಕದ ಹಾಕಿಕೊಂಡರು. ಅಜ್ಜಿ ತೀರಿಕೊಂಡವರು, “ಕಾಮಿಡಿಗೆ ನಮ್ಮಜ್ಜೀನೇ ಬೇಕಾಗಿತ್ತಾ ನಿನಗೆ?” ಎಂದು ಮುಖ ಊದಿಸಿಕೊಂಡರು. ಒಬ್ಬರು ಹೃದಯದ ಡಾಕ್ಟರು, ಇನ್ನೊಬ್ಬರು ಸೇತುವೆ ಕಟ್ಟುವ ಎಂಜಿನಿಯರು. ಒಂದು ಫೋಟೋ ಕೊಡಲು ಒಬ್ಬರಿಗೂ ಎದೆಯಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಮೈಸೂರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದಿದ್ದ ನನ್ನ ಸ್ವಂತ ಅತ್ತೆಯ ಕಡೆ ಒಮ್ಮೆ ನೋಡಿದೆ, ಅಷ್ಟೆ. ಅವರು ಕೈಯಲ್ಲಿದ್ದ ಸೌಟನ್ನು ಎತ್ತಿದರು. ನಾನು ಬೇರೆ ಕಡೆ ನೋಡಿದೆ.

ಕೊನೆಗೆ ಕೊಟ್ಟವರು ನಮ್ಮ ಕೆಳಗಿನ ಫ್ಲ್ಯಾಟಿನ ಜರ್ಮನ್ ಮುದುಕಿ. ಜರ್ಮನಿಯಲ್ಲಿ ನಾಟಕ, ಸಿನಿಮಾ ಎರಡರಲ್ಲೂ ಮಾಡಿದ್ದ ನಟಿ, ಗಂಡನ ಕೆಲಸದ ಹಿಂದೆ ಈ ದೇಶಕ್ಕೆ ಬಂದವರು. ಅತ್ತೆ ಅವರನ್ನು ‘ನಟಿಯಮ್ಮ’ ಎನ್ನುತ್ತಿದ್ದರು. ನಾನು ಅತ್ತೆ ಎನ್ನುವುದನ್ನು ಕೇಳಿ ಅವರೂ ಅತ್ತೆಯನ್ನು ‘ಅತ್ತೆ’ ಎಂದೇ ಕರೆಯುತ್ತಿದ್ದರು. ಅವರದು ಇಂಗ್ಲಿಷು, ಇವರದು ಅಪ್ಪಟ ಕನ್ನಡ. ಆದರೂ ಇಬ್ಬರೂ ದಿನಾ ಮಧ್ಯಾಹ್ನ ಕೂತು ಅದೇನು ಮಾತಾಡುತ್ತಿದ್ದರೋ ಆ ದೇವರಿಗೇ ಗೊತ್ತು.

“ಹಾರ ತಾನೇ? ಹಾಕಮ್ಮ,” ಎಂದರು ನಟಿಯಮ್ಮ. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ಹೇಳುತ್ತಿದ್ದೇನೆ. “ನನಗೆ ಸಾಯೋದು ಹೊಸದಾ?”

ಹೊಸದಲ್ಲವೇ ಅಲ್ಲ. ಹರೆಯದಲ್ಲಿ ಅವರದು ಬಡಕಲು ಮೈ, ದೊಡ್ಡ ಕಣ್ಣು. ಸಾಯುವುದಕ್ಕೆ ಹೇಳಿಮಾಡಿಸಿದ ಮುಖ ಎಂದು ಯಾವನೋ ನಿರ್ದೇಶಕ ಹೇಳಿದ್ದೇ ಹೇಳಿದ್ದು, ಆಮೇಲೆ ಯಾರೂ ಅವರನ್ನು ಬದುಕಗೊಡಲಿಲ್ಲ. ಒಂದು ಸಿನಿಮಾದಲ್ಲಿ ಕಾಫಿಗೆ ವಿಷ ಹಾಕಿದರು, ಇನ್ನೊಂದರಲ್ಲಿ ಹಿಮದ ಬೆಟ್ಟದಿಂದ ತಳ್ಳಿದರು. ಮತ್ತೊಂದರಲ್ಲಿ ಹೆಸರುಗಳು ಬಂದು ಮುಗಿಯುವುದರೊಳಗೇ ಹೆಣ. ನಾಟಕದಲ್ಲಂತೂ ಮೊದಲನೇ ಅಂಕದಲ್ಲೇ ಕ್ಷಯ. ಅವರಿದ್ದ ನಾಟಕ ಕಂಪನಿಯಲ್ಲಿ ಒಂದು ಕಟ್ಟುನಿಟ್ಟು: ಸತ್ತವರು ಕೊನೆಯ ನಮಸ್ಕಾರಕ್ಕೆ ಬರುವಂತಿಲ್ಲ. ಹೆಣ ಎದ್ದು ಬಂದು ಕೈಮುಗಿದರೆ ಜನ ಅತ್ತಿದ್ದೆಲ್ಲ ದಂಡವಂತೆ.

“ಮುಖ ತೊಳ್ಕೊಂಡು ಮನೆಗೆ ಹೋಗು ಅನ್ನೋರು. ಟ್ರಾಮ್ ಸ್ಟಾಪಲ್ಲಿ ನಿಂತಿದ್ರೆ ಚಪ್ಪಾಳೆ ಅಲ್ಲಿವರೆಗೂ ಕೇಳಿಸ್ತಿತ್ತು,” ಎಂದರು. “ನಂದೂ ಸ್ವಲ್ಪ ಇತ್ತು ಅದರಲ್ಲಿ. ಒಂದೇ ಒಂದ್ಸಲ ಅಲ್ಲಿ ನಿಂತ್ಕೋಬೇಕು ಅಂತ ಆಸೆ. ಇನ್ಯಾವಾಗ, ಬಿಡು.”

“ಮೆಲ್ಬರ್ನಿಗೆ ನೀವೂ ಬನ್ನಿ. ಕೊನೇಲಿ ಎಲ್ಲರ ಜೊತೆ ನಿಮ್ಮನ್ನೂ ಸ್ಟೇಜಿಗೆ ಕರೀತೀನಿ, ಇದು ನನ್ನ ಮಾತು,” ಎಂದುಬಿಟ್ಟೆ.

ಫೋಟೋದಲ್ಲಿ ಅವರು ಮೂವತ್ತರ ವಯಸ್ಸಿಗೇ ಬಿಳೀ ವಿಗ್ ಹಾಕಿಕೊಂಡು ಗಂಟುಮುಖದ ಮುದುಕಿಯಾಗಿದ್ದರು, ಯಾವುದೋ ಸಿನಿಮಾದಲ್ಲಿ ಸಾಯುವ ಮುಂಚೆ ತೆಗೆಸಿದ್ದು. ಅತ್ತೆ ಗಾಜಿನ ಮೇಲೆ ಕುಂಕುಮ ಇಟ್ಟರು. ಹಾರವನ್ನು ಮಾತ್ರ ನನ್ನ ಕೈಗೆ ತುರುಕಿದರು.

“ಬದುಕಿರೋರಿಗೆ ಹಿಂಗೆ ಮಾಡಬಾರದು ಕಣೇ. ಆಯಸ್ಸು ಕಮ್ಮಿಯಾಗುತ್ತೆ.”

“ಸತ್ತರು ಅಂತ ಸುಳ್ಳು ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿಯಾಗುತ್ತೆ ಅಂತ ನೀವೇ ಹೇಳ್ತಿದ್ರಲ್ಲ, ಅತ್ತೆ?”

ಅತ್ತೆ ಯೋಚಿಸಿದರು. “ಹಂಗಾದ್ರೆ ಸರಿಯಾಗಿ ಹಬ್ಬಿಸು,” ಎಂದರು.

ರಿಹರ್ಸಲ್ಲೆಲ್ಲ ನಮ್ಮ ಮನೆಯ ಹಾಲಿನಲ್ಲೇ. ನಟಿಯಮ್ಮ ಒಂದು ದಿನವೂ ತಪ್ಪಿಸಲಿಲ್ಲ. ತಮ್ಮ ಫೋಟೋದ ಕೆಳಗೇ ಕೂತು, ಸೊಸೆಯರು ಅತ್ತಾಗ ತಲೆಯಾಡಿಸುತ್ತಿದ್ದರು. ಕೊನೆಯ ದೃಶ್ಯದಲ್ಲಿ ಕಿರಿಯ ಸೊಸೆ, “ಅತ್ತೇ, ಒಂದ್ಸಲ ಬಂದ್ಹೋಗಿ! ಇಲ್ದಿದ್ರೆ ನಾನೂ ಸತ್ತೋಗ್ತೀನಿ!” ಎಂದು ಕಿರುಚುತ್ತಾಳೆ. ನನ್ನ ಅತ್ತೆ ಪ್ರತಿ ಸಲವೂ ಅಡುಗೆಮನೆಯಿಂದಲೇ, “ಬಿಡ್ತು ಅನ್ನು!” ಎಂದು ಗದರುತ್ತಿದ್ದರು. ಹಾಗಂದರೇನು ಎಂದು ನಟಿಯಮ್ಮ ಕೇಳಿದರು. ಕೆಟ್ಟ ಮಾತು ಬಾಯಿಂದ ಬಂದರೆ ಅದನ್ನು ಹೀಗೆ ವಾಪಸು ತೆಗೆಸಬೇಕು ಎಂದೆ. ಬಹಳ ಒಳ್ಳೆಯ ಏರ್ಪಾಟು ಎಂದು ಮೆಚ್ಚಿಕೊಂಡರು.

ಮೆಲ್ಬರ್ನಿಗೆ ಕಾರಿನಲ್ಲೇ ಹೊರಟೆವು. ಗಂಡ ಸ್ಟಿಯರಿಂಗಿಗೆ, ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಈ ಕಡೆ ಅತ್ತೆ, ಆ ಕಡೆ ನಟಿಯಮ್ಮ, ನಡುವೆ ಸೀಟ್ ಬೆಲ್ಟ್ ಹಾಕಿಸಿಕೊಂಡ ಫೋಟೋ. ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ, ಅಂಗಡಿಯ ದಢೂತಿ ಯಜಮಾನ ಕಿಟಕಿಯಲ್ಲಿ ಇಣುಕಿದ. ಹಾರ ನೋಡಿ ಟೋಪಿ ತೆಗೆದು, “ದುಃಖದ ವಿಷಯ. ನಿಮಗೆ ಹತ್ತಿರದವರಾ?” ಎಂದು ಕೇಳಿದ.

ನಟಿಯಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡು, “ತುಂಬಾ ಹತ್ತಿರ. ಆದರೆ ಬಹಳ ಜಂಭದ ಹೆಂಗಸು,” ಎಂದರು. ಪಾಪ, ಅವನು ನಮಗೆಲ್ಲ ಪುಕ್ಕಟೆ ಚಾಕೊಲೇಟ್ ಕೊಟ್ಟ.

ಆ ಸಂಜೆ ಕಾರ್ಯಕ್ರಮ ನಮ್ಮ ಪದ್ಧತಿಯಂತೆಯೇ ನಡೆಯಿತು. ಪ್ರಾರ್ಥನೆ, ಭಾಷಣ, ಮಕ್ಕಳ ಡಾನ್ಸು, ಮತ್ತೆ ಭಾಷಣ. ನಾಟಕಕ್ಕೆ ಪರದೆ ಏಳುವ ಹೊತ್ತಿಗೆ ಬಿಸಿಬೇಳೆ ಬಾತಿನ ವಾಸನೆ ಹಾಲ್ ಒಳಗೇ ಬಂದಿತ್ತು. ಅತ್ತೆ ತಮ್ಮ ರೇಷ್ಮೆ ಸೀರೆಯನ್ನು ನಟಿಯಮ್ಮನಿಗೆ ಉಡಿಸಿ, ಹಣೆಗೆ ಕುಂಕುಮವಿಟ್ಟು, ಮೊದಲ ಸಾಲಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಿದ್ದರು.

ನಾಟಕ ಮುಗಿಯುತ್ತಾ ಬಂದಿತ್ತು. ಸಂಘದ ಕಾರ್ಯದರ್ಶಿ ಸೈಡ್ ವಿಂಗಿಗೆ ಬಂದು ನನ್ನ ಕಿವಿಯಲ್ಲಿ, “ಪಾತ್ರ ಪರಿಚಯ, ನಮಸ್ಕಾರ ಎಲ್ಲಾ ಕಟ್ ಮಾಡಿ ಮೇಡಂ. ಪರದೆ ಬಿದ್ದ ತಕ್ಷಣ ಊಟ. ಹಾಲ್ ಖಾಲಿ ಮಾಡ್ಬೇಕು,” ಎಂದ.

“ಐದು ನಿಮಿಷ ಕೊಡ್ರೀ!”

“ಊಟ ತಣ್ಣಗಾಗುತ್ತೆ ಮೇಡಂ.”

ಅವನ ತಲೆಯ ಮೇಲೆ ಇಡೀ ಪಾತ್ರೆ ಬಿಸಿಬೇಳೆ ಬಾತು ಸುರಿಯಬೇಕು ಎನ್ನಿಸಿತು. ವಿಂಗಿನಿಂದಲೇ ಮೊದಲ ಸಾಲಿನ ಕಡೆ ಕೈಯಾಡಿಸಿ, ಇಲ್ಲ, ನಮಸ್ಕಾರ ಇಲ್ಲ ಎಂದು ಸನ್ನೆ ಮಾಡಿದೆ. ನಟಿಯಮ್ಮನಿಗೆ ತಕ್ಷಣ ಅರ್ಥವಾಯಿತು. ಅಭ್ಯಾಸವಿತ್ತಲ್ಲ. ಮೆಲ್ಲಗೆ ತಲೆಯಾಡಿಸಿ, ಮುಖ ಒರೆಸಿಕೊಳ್ಳಲು ಬ್ಯಾಗಿನಿಂದ ಕರ್ಚೀಫ್ ತೆಗೆದರು. ನನಗೆ ಅಳು ಬಂದುಬಿಟ್ಟಿತು.

ಆ ಕರ್ಚೀಫನ್ನು ಅತ್ತೆ ಕಿತ್ತುಕೊಂಡರು. ಅದೇ ಹೊತ್ತಿಗೆ ಸ್ಟೇಜಿನ ಮೇಲೆ ಕಿರಿಯ ಸೊಸೆ, “ಅತ್ತೇ, ಒಂದ್ಸಲ ಬಂದ್ಹೋಗಿ!” ಎಂದು ಕಿರುಚಿದಳು.

“ಕರೀತಿದಾಳೆ, ಏಳಿ!” ಎಂದು ಅತ್ತೆ ನಟಿಯಮ್ಮನ ಬೆನ್ನಿಗೆ ಕೈಕೊಟ್ಟು ನೂಕಿದರು.

ಗೋಡೆಯ ಮೇಲಿದ್ದ ಮುದುಕಿ ಸೀರೆ ಉಟ್ಟುಕೊಂಡು ಮೆಟ್ಟಿಲು ಹತ್ತಿ ಬರುತ್ತಿರುವುದನ್ನು ಇಡೀ ಸಭೆ ನೋಡಿತು. ಒಂದು ಮಗು “ಘೋಸ್ಟ್!” ಎಂದು ಚೀರಿತು. ಹಿರಿಯ ಸೊಸೆ ಅಯ್ಯಯ್ಯೋ ಎಂದು ನಡುವಿನವಳನ್ನು ತಬ್ಬಿಕೊಂಡಳು. ಕಿರಿಯವಳು ಬಾಯಿಪಾಠ ಬಿಡುವ ಹುಡುಗಿಯಲ್ಲ, ನಡುಗುವ ದನಿಯಲ್ಲೇ, “ಇಲ್ದಿದ್ರೆ... ನಾನೂ ಸತ್ತೋಗ್ತೀನಿ,” ಎಂದಳು.

ನಟಿಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ಅತ್ತೆಯ ದನಿಯಲ್ಲೇ ಗುಡುಗಿದರು.

“ಬಿಡ್ತು ಅನ್ನು!”

“ಬಿಡ್ತು,” ಎಂದಳು ಅವಳು, ಗಾಬರಿಯಲ್ಲಿ.

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಟಿಯಮ್ಮ ಫೋಟೋದ ಹತ್ತಿರ ಹೋಗಿ ಹಾರ ತೆಗೆದರು, ಮುಂದೆ ಬಂದರು, ನಿಧಾನಕ್ಕೆ ಬಾಗಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಪರದೆ ಬಿದ್ದರೂ ಯಾರೂ ಊಟಕ್ಕೆ ಏಳಲಿಲ್ಲ. ಕಾರ್ಯದರ್ಶಿಯೇ ಹಗ್ಗ ಎಳೆದು ಮತ್ತೆ ಮೇಲೆತ್ತಿದ. ಅವರು ಇನ್ನೂ ಅಲ್ಲೇ ಬಾಗಿಕೊಂಡೇ ನಿಂತಿದ್ದರು, ಕೆನ್ನೆಯೆಲ್ಲ ಒದ್ದೆ. ಊಟ ತಣ್ಣಗಾಯಿತು, ಆಗಲಿ.

ಮರುದಿನ ವಾಪಸು ಹೊರಟಾಗ ಅವರು ಸೀರೆ ಬಿಚ್ಚಿರಲಿಲ್ಲ, ಮುಖ ತೊಳೆದಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡೇ ಕೂತಿದ್ದರು. ಅದೇ ಅಂಗಡಿಯಲ್ಲಿ ಪೆಟ್ರೋಲಿಗೆ ನಿಂತೆವು. ದಢೂತಿ ಯಜಮಾನ ಬಂದು, ಹಾರವಿಲ್ಲದ ಫೋಟೋ ನೋಡಿ, ಟೋಪಿ ತೆಗೆಯಬೇಕೋ ಬೇಡವೋ ಎಂದು ಅದನ್ನು ಹಿಡಿದುಕೊಂಡು ನಿಂತ.

ನಟಿಯಮ್ಮ ಗಾಜು ಇಳಿಸಿದರು.

“ಈಗ ಹುಷಾರಾಗಿದ್ದಾಳೆ,” ಎಂದರು.