ನಿಕ್ಕಲ್ ಹೊಡೆಸಿದ ಟೆನರ್ ಸ್ಯಾಕ್ಸೊಫೋನ್

ಮದುವೆ ಬ್ಯಾಂಡಿನಲ್ಲಿ ಕೆಂಪು ಕೋಟು ಹಾಕಿಕೊಂಡು ನಡೆಯುವವರೆಲ್ಲ ಊದುತ್ತಾರೆ ಎಂದು ನೀವು ನಂಬಿದ್ದರೆ ನಿಮ್ಮಷ್ಟು ಪಾಪದವರು ಇನ್ನಿಲ್ಲ. ಹಳಿಯಾಳದ ನಮ್ಮ ಬ್ಯಾಂಡ್ ಮಾಲಕ ಬೀಗರ ಮುಂದೆ ಒಪ್ಪಿಕೊಳ್ಳುವ ಜನರ ಲೆಕ್ಕವೇ ಬೇರೆ, ನಿಜವಾಗಿ ಊದಲು ಬರುವವರ ಲೆಕ್ಕವೇ ಬೇರೆ. ನಡುವಿನ ಸಂದು ತುಂಬಲು ಡಮ್ಮಿಗಳಿರುತ್ತಾರೆ. ಡಮ್ಮಿಗೂ ಕೋಟು, ಟೊಪ್ಪಿಗೆ, ಕೊರಳಿಗೊಂದು ಬಾಜಾ. ಕೆನ್ನೆ ಉಬ್ಬಿಸಿ ಬೆರಳು ಆಡಿಸಿದರೆ ಅವನ ಕೆಲಸ ಮುಗಿಯಿತು. ಸ್ಯಾಕ್ಸೊಫೋನ್ ಹಿಡಿದವನಾದರೆ ಅದರ ರೀಡನ್ನು, ಅಂದರೆ ಮೌತ್‌ಪೀಸಿಗೆ ಕಟ್ಟುವ ಬೆತ್ತದ ಸೀಳನ್ನು, ಮೊದಲೇ ಬಿಚ್ಚಿಸಿಬಿಡುತ್ತಾರೆ. ಅದಿಲ್ಲದೆ ಎಷ್ಟು ಊದಿದರೂ ಸದ್ದು ಹುಟ್ಟುವುದಿಲ್ಲ.

ನನಗೆ ಟೆನರ್ ಸ್ಯಾಕ್ಸೊಫೋನ್ ಕಲಿಸಿದ ಉಸ್ತಾದರು ಕೊನೆಗೆ ಈ ಡಮ್ಮಿಗಳ ಸಾಲಿಗೆ ಬಂದು ನಿಂತರು. ಅದೂ ನಮ್ಮ ಸೀಮೆಯಲ್ಲೇ ಇನ್ನೊಂದಿಲ್ಲದ ಬಾಜಾವನ್ನು ಕೊರಳಿಗೆ ಹಾಕಿಕೊಂಡು.

ಉಸ್ತಾದರಿಗೆ ದಾಂಡೇಲಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಎದುರಿನ ಚಾಳಿನಲ್ಲಿ ನಾವು. ನನ್ನಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರು. ಗ್ರೀಸು, ಸೀಮೆಎಣ್ಣೆಯ ವಾಸನೆಯ ನಡುವೆ ಒಂದು ಕಪ್ಪು ಪೆಟ್ಟಿಗೆ; ಅದರೊಳಗೆ ಆ ಟೆನರ್. ಗೋವೆಯ ಮುದುಕನೊಬ್ಬ ಊದಿ ಸವೆಸಿದ್ದನ್ನು ಉಸ್ತಾದರು ಹರೆಯದಲ್ಲಿ ಕೊಂಡು ತಂದಿದ್ದರು. ಮೇಲಿನ ಹೊಳಪು ಪೂರ್ತಿ ಹೋಗಿ ಹಿತ್ತಾಳೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬಾಜಾದ ಅಗಲ ಬಾಯಿಯ ಮೇಲೆ ಕೆತ್ತಿದ ಹೂಬಳ್ಳಿ ಬೆರಳಿಗೆ ಮಾತ್ರ ಗೊತ್ತಾಗುವಷ್ಟು ಮಾಸಿತ್ತು.

ಕಲಿಸುವುದರಲ್ಲಿ ಅವರಷ್ಟು ದುಷ್ಟರನ್ನು ನಾನು ಕಂಡಿಲ್ಲ. ಸ್ವರ ತಪ್ಪಿದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಉಗುರಿನ ಮೇಲೇ ಬಡಿಯುತ್ತಿದ್ದರು. ಗಿರಾಕಿಗಳ ಎದುರಿಗೇ ಅನ್ನುತ್ತಿದ್ದರು: "ನಿನ್ನ ಬಾಯಿ ಉಣ್ಣಾಕಷ್ಟ ಬರೋಬ್ಬರಿ ಐತಿ. ಊದೂದು ಬಿಡು." ಬ್ಯಾಂಡಿನ ಯಾವುದೋ ಮುರುಕು ಬಾಜಾದ ಮೇಲೆ ನಾನು ಕಲಿತೆ. ಹಳೆಯ ಟೆನರನ್ನು ಮುಟ್ಟಗೊಡುತ್ತಿರಲಿಲ್ಲ. ಆದರೆ ಮಾತು ಕೊಟ್ಟಿದ್ದರು. "ನಾ ಊದೂದು ಬಿಟ್ಟ ದಿನಾ ಇದು ನಿನಗ. ಅಲ್ಲೀತನಕಾ ಮುಟ್ಟಿದಿ ಅಂದ್ರ ಬೆರಳು ಮುರೀತೇನಿ." ಆ ಒಂದು ಮಾತಿಗಾಗಿ ನಾನು ಎಲ್ಲ ಬಡಿತ ತಿಂದೆ. ಸುಳ್ಳು ಯಾಕೆ ಹೇಳಲಿ, ನನಗೆ ಉಸ್ತಾದರ ಮೇಲೆ ಪ್ರೀತಿ ಇರಲಿಲ್ಲ, ಅವರ ಬಾಜಾದ ಮೇಲೆ ಇತ್ತು.

ಮದುವೆ ಸೀಜನ್ನಿಗೆ ಮುಂಚೆ ಬ್ಯಾಂಡಿನವರೆಲ್ಲ ತಮ್ಮ ಬಾಜಾಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ, ಅನುಕೂಲವಿದ್ದವರು ಹುಬ್ಬಳ್ಳಿಗೆ ಒಯ್ದು ಪಾಲಿಶ್ ಹೊಡೆಸುತ್ತಾರೆ. ಉಸ್ತಾದರು ಮಾತ್ರ ಹಳೇ ಧೋತರದ ಒಣ ಚೂರಿನಿಂದ ಒರೆಸಿ ಇಟ್ಟುಬಿಡುತ್ತಿದ್ದರು. ಸ್ಯಾಕ್ಸೊಫೋನಿನ ಮೈತುಂಬ ತೂತು, ಪ್ರತಿ ತೂತಿಗೂ ಚರ್ಮದ ಪ್ಯಾಡು ಕೂರಿಸಿದ ಮುಚ್ಚಳ. ತೂತಿನ ಅಂಚು ಸಮ ಇದ್ದರೆ ಮುಚ್ಚಳ ಗಾಳಿ ಬಿಡದೆ ಕೂರುತ್ತದೆ. ಪಾಲಿಶಿನ ಚಕ್ರಕ್ಕೆ ಕೊಟ್ಟರೆ ಅಂಚು ಸವೆದು ಗುಂಡಗಾಗುತ್ತದೆ. "ಅಂಚು ಹೋತು ಅಂದ್ರ ಬಾಜಾ ಸತ್ತಂಗ. ಆಮ್ಯಾಲ ಹೆಣಾ ಹೊಳದ್ರೇನು, ಬಿಟ್ಟರೇನು?" ಎಂದು ನನಗೆ ಹೇಳಿಕೊಟ್ಟವರು ಅವರೇ. ಇದನ್ನು ನೆನಪಿಟ್ಟುಕೊಳ್ಳಿ.

ಕಾದು ಕಾದು ಬೇಸತ್ತು ನಾನು ಹೊಸ ಟೆನರ್ ತರಿಸಿದೆ. ಪಾರ್ಸೆಲ್‌ನಲ್ಲಿ ಬಂತು. ಬಂಗಾರದ ಬಣ್ಣ, ಹೊಸ ಬೂಟಿನ ವಾಸನೆ. ಕೀಗಳು ಬೆರಳು ಇಟ್ಟರೆ ಸಾಕು, ತಾವೇ ಇಳಿಯುತ್ತವೆ. ಪ್ರತಿ ಸ್ವರವೂ ತನ್ನ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಉಸ್ತಾದರು ಅದನ್ನು ಎತ್ತಿ ನೋಡಿ, ಮೂಸಿ, ಕೆಳಗಿಟ್ಟರು.

"ಇದು ಬಾಜಾ ಅಲ್ಲೋ, ಮಿಕ್ಸರ್. ಬಟನ್ ಒತ್ತು, ಚಟ್ನಿ ಬರ್ತೈತಿ."

ಅವರಿಗೆ ಜ್ವರ ಬಂದು ಮಲಗಿದ್ದ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕದ್ದು ಹಳೆಯದನ್ನು ಊದಿದ್ದೇನೆ, ಹೀಗಾಗಿ ಎರಡರ ವಿಷಯ ಕೇಳಿದ ಮಾತಲ್ಲ. ಹಳೆಯದರ ಕೀಗಳು ಬಿಗಿ, ಎಡಗೈ ಕಿರುಬೆರಳಿನದಂತೂ ತುಕ್ಕು ಹಿಡಿದ ನಟ್ಟು ತಿರುವಿದ ಹಾಗೆ. ಸ್ವರವೂ ಹೇಳಿದ ಮಾತು ಕೇಳುವುದಿಲ್ಲ. ಒಂದು ಏರಿರುತ್ತದೆ, ಪಕ್ಕದ್ದು ಇಳಿದಿರುತ್ತದೆ. ಪ್ರತಿಯೊಂದನ್ನೂ ದವಡೆ, ತುಟಿಗಳಿಂದ ಎಳೆದು ತಂದು ನಿಲ್ಲಿಸಬೇಕು. ಆದರೆ ನಿಂತ ಮೇಲೆ! ಕೆಳಗಿನ ಸ್ವರ ಊದಿದಾಗ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಬೋಲ್ಟುಗಳು ಗುನುಗಿದವು. ಆ ದನಿಯಲ್ಲಿ ಉಸಿರಿನ ಸದ್ದೂ ಬೆರೆತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಹಿರಿಯರು ತಗ್ಗಿದ ದನಿಯಲ್ಲಿ ಮಾತಾಡಿದಂತೆ. ನನ್ನ ಹೊಸದು ಎಲ್ಲ ಸ್ವರವನ್ನೂ ಒಂದೇ ಅಳತೆಯಲ್ಲಿ, ಒಂದೇ ಬಣ್ಣದಲ್ಲಿ ಮುಂದಿಡುತ್ತದೆ. ತಪ್ಪು ಹುಡುಕಲು ಆಗುವುದಿಲ್ಲ, ಊದಿ ಮುಗಿಸಿದ ಮೇಲೆ ನೆನಪೂ ಇರುವುದಿಲ್ಲ.

ಇಷ್ಟಾದರೂ ಬೀದಿಯಲ್ಲಿ ಗೆಲ್ಲುತ್ತಿದ್ದುದು ಹೊಸದೇ. ಜನರೇಟರು, ತಾಷೆಯ ಬಡಿತ, ಹಿಂದೆ ಬರುವ ಡಿಜೆ ಗಾಡಿ, ಪಟಾಕಿ. ಇವುಗಳ ನಡುವೆ ತಗ್ಗಿದ ದನಿಯನ್ನು ಯಾರು ಕೇಳುತ್ತಾರೆ? ಹಳೆಯದರ ನಿಜವಾದ ದನಿ ಹೊರಗೆ ಕೇಳಿದ್ದು ಒಮ್ಮೆ, ಜೊಯಿಡಾ ಕಡೆಯ ಒಂದು ಮದುವೆಯಲ್ಲಿ. ಡಿಜೆ ಇರಲಿಲ್ಲ, ಕರೆಂಟೂ ಹೋಗಿತ್ತು. ಉಸ್ತಾದರು ಅಂಗಳದಲ್ಲಿ ಒಬ್ಬರೇ ನಿಂತು ಊದಿದರು. ಕೊಂಕಣಿಯಲ್ಲಿ ಗಲಗಲ ಮಾತಾಡುತ್ತಿದ್ದ ಹೆಂಗಸರು ಕೈಯಲ್ಲಿದ್ದ ತಾಟು ಹಿಡಿದೇ ಸುಮ್ಮನಾದರು. ನನಗೆ ಹೊಟ್ಟೆ ಉರಿಯಿತು. ಈ ಬಾಜಾ ನನ್ನದಾಗದೆ ನಾನು ಸತ್ತರೆ ಊದಿದ್ದೆಲ್ಲ ದಂಡ ಅನ್ನಿಸಿತು.

ಆಮೇಲೆ ಸಕ್ಕರೆ ಕಾಯಿಲೆ ಅವರ ಹಲ್ಲಿಗೆ ಬಂತು. ಮೇಲಿನ ಮುಂದಿನ ಹಲ್ಲುಗಳು ಒಂದರ ಹಿಂದೆ ಒಂದು ಹೋದವು. ಟೆನರ್ ಊದುವವನ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಊರಿರಬೇಕು. ಅದಿಲ್ಲದೆ ಹಳೆಯ ಬಾಜಾದ ಹಟಮಾರಿ ಸ್ವರಗಳನ್ನು ಹಿಡಿದು ನಿಲ್ಲಿಸುವುದು ಹೇಗೆ? ತೇರಗಾಂವದ ಮೆರವಣಿಗೆಯಲ್ಲಿ ಅವರ ಸ್ವರ ಇಳಿದು ಇಳಿದು ಎಮ್ಮೆ ಕೂಗಿದಂತಾಯಿತು. ಬ್ಯಾಂಡಿನವರು ಬಾಜಾ ಬಾಯಿಂದ ತೆಗೆದು ನಕ್ಕರು. ನಾನೂ ನಕ್ಕೆ. ಮಾಲಕ ಬಂದು ಅವರ ಹೆಗಲ ಮೇಲೆ ಕೈ ಇಟ್ಟ.

"ಚಾಚಾ, ನೀವು ಸುಮ್ನ ಹಿಡಕೊಂಡು ನಡೀರಿ. ರೀಡ್ ತಗದು ಕಿಸೇದಾಗ ಇಟ್ಕೋರಿ."

ಉಸ್ತಾದರು ರೀಡು ಬಿಚ್ಚಿದರು. ಒರೆಸಿದರು. ಕಿಸೆಗೆ ಹಾಕಿದರು. ಅಂದಿನಿಂದ ಅವರು ಡಮ್ಮಿ. ಆದರೂ ಪ್ರತಿ ಮೆರವಣಿಗೆಗೆ ಮುಂಚೆ ಆ ರೀಡನ್ನು ಬಾಯಲ್ಲಿ ಇಟ್ಟು ನೆನೆಸಿ, ಊದುವವರಂತೆಯೇ ಸಿದ್ಧವಾಗಿ, ಆಮೇಲೆ ಕಿಸೆಗೆ ಇಳಿಸುತ್ತಿದ್ದರು.

ಇನ್ನಾದರೂ ಕೊಡುತ್ತಾರೆ ಅಂದುಕೊಂಡೆ. ಕೇಳಿದ್ದಕ್ಕೆ, "ನಾ ಇನ್ನೂ ಬಿಟ್ಟಿಲ್ಲ. ಬಿಟ್ಟಾಗ ಹೇಳ್ತೇನಿ" ಅಂದರು. ಹೀಗೆ ನಮ್ಮ ಸಾಲಿನಲ್ಲಿ ಒಳ್ಳೆಯ ಬಾಜಾ ಮೂಕವಾಗಿ, ಮಿಕ್ಸರು ಮಾತಾಡುತ್ತ ನಡೆದವು.

ಒಂದು ದಿನ ತಡೆಯಲಾರದೆ ನನ್ನ ಟೆನರನ್ನು ಅಂಗಡಿಗೆ ಒಯ್ದು ಅವರ ಮುಂದೆ ಇಟ್ಟೆ. "ಒಮ್ಮೆ ಊದಿ ನೋಡ್ರಿ ಉಸ್ತಾದ್ರ" ಅಂದೆ. ಅವರು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಬಾಗಿಲು ಅರ್ಧ ಎಳೆದು ಬೊಚ್ಚುಬಾಯಿಗೆ ಅದನ್ನು ಇಟ್ಟುಕೊಂಡರು. ಸ್ವರ ನೆಟ್ಟಗೆ ಬಂತು. ಇನ್ನೊಂದು ಬಂತು. ಮೇಲೆ ಹೋದರು, ಕೆಳಗೆ ಬಂದರು, ಎಲ್ಲೂ ತಪ್ಪಲಿಲ್ಲ. ಹಲ್ಲಿಲ್ಲದವನಿಗೂ ಅದು ತಾನೇ ಸುಶ್ರಾವ್ಯವಾಗಿ ಊದಿಕೊಟ್ಟಿತು. ಅವರ ಮುಖ ಸುಟ್ಟ ಬದನೆಕಾಯಿ ಆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ನಾಲಿಗೆ ನಿಲ್ಲಲಿಲ್ಲ.

"ನೋಡ್ರಿ, ಮಿಕ್ಸರ್ ನಿಮಗೂ ಚಟ್ನಿ ಕೊಡ್ತು. ಇದನ್ನ ನೀವು ಇಟ್ಕೋರಿ, ಹಳೇದು ನನಗ ಕೊಡ್ರಿ. ಬಯಲಾಗ ಫರಕ್ ಯಾರಿಗೆ ತಿಳೀತೈತ್ರಿ?"

ಅವರು ನನ್ನ ಮೌತ್‌ಪೀಸನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ ಹಿಂದಕ್ಕೆ ಕೊಟ್ಟರು.

"ಫರಕ್ ಇಲ್ಲ ಅಂದ್ರ ಹಳೇದು ಯಾಕ ಬೇಡ್ತಿ?"

ನಾನು ನನ್ನ ಟೆನರನ್ನು ಎತ್ತಿಕೊಂಡು ಹೊರಬಿದ್ದೆ. ಆದರೂ ಆಡಿದ ಮಾತು ಸುಳ್ಳಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಬಯಲಲ್ಲಿ ಯಾರಿಗೂ ತಿಳಿಯುವುದಿಲ್ಲ.

ಅದೇ ಸೀಜನ್ನಿನಲ್ಲಿ ಬೀಗರು ಮೆರವಣಿಗೆಗೆ ಡ್ರೋನು, ವಿಡಿಯೋ ತರಿಸಲು ಶುರುಮಾಡಿದರು. ಮಾಲಕ ಒಂದು ವಿಡಿಯೋ ನೋಡಿ ಉಸ್ತಾದರಿಗೆ ಬೈದ. ಸಾಲಿನಲ್ಲಿ ಎಲ್ಲರದೂ ಫಳಫಳ, ಇವರದು ಮಾತ್ರ ಒಲೆಯ ಮೇಲಿಂದ ಇಳಿಸಿದ ಬೋಗುಣಿಯಂತೆ ಕಾಣುತ್ತದೆ. ಊದುವುದೂ ಇಲ್ಲ, ಹೊಳೆಯುವುದೂ ಇಲ್ಲ ಅಂದಮೇಲೆ ನೀವು ಯಾತಕ್ಕೆ ಅಂದ. ಉಸ್ತಾದರು ಮರುದಿನವೇ ಪೆಟ್ಟಿಗೆ ಹಿಡಿದು ಹುಬ್ಬಳ್ಳಿಯ ಬಸ್ಸು ಹತ್ತಿದರು.

ಸಾಂಬ್ರಾಣಿಯ ಮದುವೆಯ ದಿನ ಅವರು ಎಲ್ಲರಿಗಿಂತ ಮೊದಲು ಬಂದು ಹಂದರದ ಹೊರಗೆ ಕೂತಿದ್ದರು. ಬ್ಯಾಂಡು ಕೂಡಿದ ಮೇಲೆ ಪೆಟ್ಟಿಗೆ ತೆರೆದರು. ಬಿಸಿಲು ಅದರೊಳಗಿಂದ ಎದ್ದು ಕಣ್ಣಿಗೆ ಹೊಡೆಯಿತು. ಬೈಕಿನ ಸೈಲೆನ್ಸರಿಗೆ, ಬಚ್ಚಲ ನಲ್ಲಿಗೆ ಹೊಡೆಯುವ ನಿಕ್ಕಲ್ಲನ್ನು ಬಾಜಾದ ಮೈತುಂಬ ಹೊಡೆಸಿದ್ದರು. ನಿಕ್ಕಲ್ ಹತ್ತಬೇಕಾದರೆ ಮೊದಲು ಪಾಲಿಶಿನ ಚಕ್ರಕ್ಕೆ ಕೊಡಬೇಕು; ಹೂಬಳ್ಳಿಯ ಕೆತ್ತನೆ ಸವೆದು ಇರಲೇ ಇಲ್ಲ. "ವ್ಹಾ ಚಾಚಾ! ಕನ್ನಡಿ ಆಗೇತಲ್ರಿ!" ಎಂದು ಮಾಲಕ ಕುಣಿದ.

ಉಸ್ತಾದರು ಎದ್ದು ನಿಂತು ದೊಡ್ಡ ದನಿಯಲ್ಲಿ ಅಂದರು: "ಎಲ್ಲಾರೂ ಕೇಳ್ರಿ. ನಾ ಊದೂದು ಬಿಟ್ಟೆ. ಇವತ್ತಿಂದ ಇದು ಇವನದು." ಕಿಸೆಯಿಂದ ರೀಡು ತೆಗೆದು, ಬಾಯಲ್ಲಿ ನೆನೆಸಿ, ಮೌತ್‌ಪೀಸಿಗೆ ಕಟ್ಟಿ, ಬಾಜಾವನ್ನು ತಾವೇ ನನ್ನ ಕೊರಳಿಗೆ ಹಾಕಿದರು. "ಊದು."

ಹೊಳಪು ಕಂಡಾಗಲೇ ನನಗೆ ತಿಳಿದಿತ್ತು. ತಿಳಿದಿದ್ದೂ ಕೊರಳು ಒಡ್ಡಿದೆ. ಇಷ್ಟು ವರ್ಷ ಕಾದವನು ಇನ್ನೇನು ಮಾಡಿಯಾನು? ಊದಿದೆ. ಮೇಲಿನ ಒಂದೆರಡು ಸ್ವರ ಕೀರಲಾಗಿ ಬಂದವು. ಕೆಳಗಿಳಿದರೆ ಬರೀ ಗಾಳಿ, ಪಂಕ್ಚರ್ ಆದ ಸೈಕಲ್ ಟ್ಯೂಬಿನಂತೆ ಬುಸ್ಸೆಂದಿತು. ಇನ್ನೂ ಜೋರಾಗಿ ಊದಿದೆ; ಬಾತುಕೋಳಿಯ ಕತ್ತು ಹಿಚುಕಿದಂಥ ಸದ್ದು. ಹಂದರದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಬ್ಯಾಂಡಿನವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು, ತೇರಗಾಂವದಲ್ಲಿ ನಕ್ಕವರೇ.

ಉಸ್ತಾದರು ನನ್ನ ಕಿವಿಯ ಹತ್ತಿರ ಬಂದರು. "ಬಯಲಾಗ ಫರಕ್ ಯಾರಿಗೂ ತಿಳಿಯಂಗಿಲ್ಲ ಅಂದಿದ್ದಿ. ನಿನಗರ ತಿಳೀತೋ ಇಲ್ಲೋ?"

ಮುದುಕರು ಮಾಲಕನ ಬಾಯಿಗೆ ಹೆದರಿ ಸಾಲಿನಲ್ಲಿ ಜಾಗ ಉಳಿಸಿಕೊಳ್ಳಲು ನಿಕ್ಕಲ್ ಹೊಡೆಸಿದರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೆ ಅವರ ಪರಿಚಯವಿಲ್ಲ. ಅಂಚು ಸವೆದರೆ ಬಾಜಾ ಸಾಯುತ್ತದೆ ಎಂದು ನನ್ನ ಉಗುರಿನ ಮೇಲೆ ಬಡಿದು ಕಲಿಸಿದ ಮನುಷ್ಯ ಮರೆತು ಮಾಡಿದರೇ? ತಮಗೆ ಬಗ್ಗದ್ದು ನನಗೂ ಬಗ್ಗಬಾರದು, ಅಷ್ಟೇ. ನಾನು ಅದನ್ನು ಗೋವೆಯ ಮಡಗಾಂವದಲ್ಲಿ ಬಾಜಾ ರಿಪೇರಿ ಮಾಡುವವನ ಹತ್ತಿರ ಒಯ್ದೆ. ಅವನು ಕತ್ತಲೆ ಮಾಡಿ ಕೊಳವೆಯೊಳಗೆ ಸಣ್ಣ ಬಲ್ಬು ಇಳಿಸಿದ. ಒಂದೊಂದು ಮುಚ್ಚಳದ ಅಂಚಿನಿಂದಲೂ ಬೆಳಕು ಸೋರಿತು. ಗೋಡೆಗೆ ತೂಗುಹಾಕು, ಚೆಂದ ಕಾಣುತ್ತದೆ ಎಂದು ಕೊಂಕಣಿಯಲ್ಲಿ ಹೇಳಿ ಬಲ್ಬು ಆರಿಸಿದ. ನಾನು ಅಲ್ಲೇ ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಗೋಡೆಗೆ ತೂಗುಹಾಕಲು ಮಾಲಕ ಬಿಡಲಿಲ್ಲ. ವಿಡಿಯೋದಲ್ಲಿ ಅಷ್ಟು ಹೊಳೆಯುವುದು ಮುಂದಿನ ಸಾಲಿನಲ್ಲಿ ಬೇಕೇ ಬೇಕು ಅಂದ. ಊದಲು ಬಾರದ ಬಾಜಾವನ್ನು ಹಿಡಿಯುವವರು ಯಾರು? ಡಮ್ಮಿಯೇ. ಈಗ ಪ್ರತಿ ಮದುವೆಗೂ ನನ್ನ ಬಾಜಾವನ್ನು ನಾನೇ ಹೊತ್ತು ತಂದು ಉಸ್ತಾದರ ಕೊರಳಿಗೆ ಹಾಕುತ್ತೇನೆ, ಮುಗಿದ ಮೇಲೆ ಬಿಚ್ಚಿಕೊಂಡು ಒಯ್ಯುತ್ತೇನೆ. ಅವರು ರೀಡು ನೆನೆಸಿ ಕಿಸೆಗೆ ಹಾಕಿಕೊಳ್ಳುತ್ತಾರೆ.

ಮೊನ್ನೆ ಮುಂಡಗೋಡದ ಮದುವೆ. ಹಂದರದ ಬಾಗಿಲಿಗೆ ಬಂದು ನಿಂತೆವು. ಡಿಜೆ ಗಾಡಿ ಹಿಂದೆ ಎಲ್ಲೋ ಸಿಕ್ಕಿಬಿದ್ದಿತ್ತು, ಬಯಲು ಸ್ವಲ್ಪ ಶಾಂತವಾಗಿತ್ತು. ಉಸ್ತಾದರು ಜೊಯಿಡಾದಲ್ಲಿ ಊದಿದ ಆ ಧಾಟಿಯನ್ನೇ ನಾನು ಊದಿದೆ, ನನ್ನ ಹೊಸದರ ಮೇಲೆ. ಹಟ ಹಿಡಿದು, ಹೊಟ್ಟೆಯಿಂದ ಗಾಳಿ ಎಳೆದು ಊದಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಊದಿಲ್ಲ. ಪಕ್ಕದಲ್ಲಿ ಅವರು ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದರು, ಒಂದು ಬೆರಳೂ ತಪ್ಪದೆ.

ಮುಗಿದಾಗ ಹೆಣ್ಣಿನ ಸೋದರಮಾವ ಮರ್ಯಾದೆಗೆ ಕೊಡುವ ಆಹೇರಿಯ ಟಾವೆಲ್ಲು, ಟೊಪ್ಪಿಗೆ ಹಿಡಿದುಕೊಂಡು ಬಂದರು. ನಾನು ತಲೆ ಬಗ್ಗಿಸಿದೆ. ಅವರು ನನ್ನನ್ನು ದಾಟಿ ಹೋಗಿ ಟಾವೆಲ್ಲನ್ನು ಉಸ್ತಾದರ ಹೆಗಲಿಗೆ ಹೊದಿಸಿದರು.

"ಏನ್ ಆವಾಜ್ ರೀ ಅಜ್ಜಾರ! ಈ ಹುಡುಗ್ರ ಡಬ್ಬಿ ಬಾಜಾದಾಗ ಇದು ಎಲ್ಲೆ ಬರ್ತೈತ್ರಿ?"

ಉಸ್ತಾದರು ಬಗ್ಗಿ ಸಲಾಂ ಮಾಡಿದರು. ಆಮೇಲೆ ಆ ಹೊಸ ಟಾವೆಲ್ಲಿನ ತುದಿಯಿಂದ ತಮ್ಮ ಮೌತ್‌ಪೀಸನ್ನು ಒರೆಸಿದರು, ನಿಧಾನವಾಗಿ, ತಿರುಗಿಸಿ ತಿರುಗಿಸಿ, ಊದಿದ ಮೇಲೆ ಹೀಗೆ ಒರೆಸಬೇಕೆಂದು ನನಗೆ ಕಲಿಸಿದ ಹಾಗೆಯೇ. ಅದು ಒಣಗಿತ್ತು. ನನ್ನ ಗದ್ದದಿಂದ ಬೆವರೂ ಎಂಜಲೂ ಇಳಿಯುತ್ತಿತ್ತು. ಮಾಲಕ ಮುಂದಿನ ಹಾಡಿಗೆ ಕೈ ಎತ್ತಿದ. ಅವರು ಕೆನ್ನೆ ಉಬ್ಬಿಸಿದರು, ನಾನು ಊದಿದೆ.