ಬೆನ್ನಿಗೆ ಖಣ ಕಟ್ಟಿದ ವೀರ

ಹೊಸ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇರುತ್ತದೆ, ನೀವೂ ಬಲ್ಲಿರಿ. ಹೊಸ ಕೊಡಕ್ಕೂ ಅದೇ, ಹೊಸ ಚಪ್ಪಲಿಗೂ ಅದೇ. ಇವತ್ತು ಬೆಳಿಗ್ಗೆ ಮಗನ ಹೆಸರಿಗೆ ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆಯ ಅಂಟುಪಟ್ಟಿಯನ್ನು ಸೊಸೆ ಸಾವಿತ್ರಿ ಕುಡುಗೋಲಿನಿಂದ ಸೀಳಿದಾಗ ಆ ವಾಸನೆ ಪಡಸಾಲೆಯ ತುಂಬ ಹರಡಿತು. ಒಳಗೆ ಗೇಣುದ್ದದ ಒಬ್ಬ ವೀರ. ಮುಖಕ್ಕೆ ಮುಸುಕು, ಬಿಗಿದ ಮುಷ್ಟಿ, ಬೆನ್ನ ಮೇಲೆ ಹಾರುತ್ತಿರುವ ಕೆಂಪು ಬಟ್ಟೆ. ಅವನನ್ನು ಕೈಯಲ್ಲಿ ಹಿಡಿದು ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಬೆನ್ನಿಗೆ ಬಟ್ಟೆ ಕಟ್ಟಿದ ಇನ್ನೊಬ್ಬನ ವಿಷಯ ನಿಮಗೆ ಹೇಳಲೇಬೇಕು.

ನಾವಿರುವುದು ಕುಕನೂರಿನಲ್ಲಿ. ಮಗ ಶರಣಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾನೆ. ಬೇರೆಯವರ ಮನೆಯ ಪಡಸಾಲೆಯಲ್ಲಿ ಹಿತ್ತಾಳೆ ಕೊಡ, ಮದುವೆಯ ಫೋಟೋ ಇರುವ ಜಾಗದಲ್ಲಿ ನಮ್ಮಲ್ಲಿ ಒಂದು ಗಾಜಿನ ಕಪಾಟಿದೆ. ಅದರ ತುಂಬ ಸೂಪರ್‌ಹೀರೋಗಳು. ಹಾರುವವರು, ಗೋಡೆ ಏರುವವರು, ಕಬ್ಬಿಣದ ಅಂಗಿ ತೊಟ್ಟವರು. ಜೊತೆಗೆ ಅವರ ಚಿತ್ರವಿರುವ ಹಳೆಯ ಕಂಪಾಸು, ನೀರಿನ ಬಾಟಲಿ, ಪೆಪ್ಪರಮೆಂಟಿನ ಜೊತೆ ಪುಕ್ಕಟೆ ಬರುತ್ತಿದ್ದ ಸ್ಟಿಕ್ಕರುಗಳು. ಮಗನಿಗೆ ನಲವತ್ತಾದರೂ ಭಾನುವಾರ ಬಂದರೆ ಮೆತ್ತನೆಯ ಬಟ್ಟೆ ಹಿಡಿದು ಒಬ್ಬೊಬ್ಬರ ಧೂಳು ಒರೆಸುತ್ತ ಕೂರುತ್ತಾನೆ.

ಮನೆಗೆ ಬಂದವರು ಕೇಳುತ್ತಿದ್ದರು, "ಮಕ್ಕಳ ಆಟಿಗಿ ಸಾಮಾನೇನ್ರಿ?"

"ಹೌದ್ರಿ, ನಮ್ಮ ಮಗಂದು. ಇನ್ನಾ ಸಣ್ಣಾವ ಅದಾನ್ರಿ, ಮೀಸಿ ಅಷ್ಟ ಲಗೂನ ಬಂದಾವ," ಎನ್ನುತ್ತಿದ್ದೆ ನಾನು.

ಬಂದವರು ನಗುತ್ತಿದ್ದರು. ಅವರಿಗೆ ಚಹಾ ಕೊಡುತ್ತಿದ್ದ ಶರಣಪ್ಪನೂ ನಗುತ್ತಿದ್ದ. ಅವನ ನಗುವನ್ನು ನಾನು ನಗು ಎಂದೇ ತಿಳಿದಿದ್ದೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಓದಿದ್ದು ಹತ್ತನೆಯ ತರಗತಿ. ಕುಷ್ಟಗಿ, ಗಂಗಾವತಿ, ಯಲಬುರ್ಗಾ ಎಂದು ಕೂಗುತ್ತಲೇ ಗಂಟಲು ಗಡಸಾಯಿತು. ಶರಣಪ್ಪ ಸಣ್ಣವನಿದ್ದಾಗ ನಮ್ಮ ಓಣಿಗೆಲ್ಲ ಒಂದೇ ಟಿವಿ. ಭಾನುವಾರ ಅದರಲ್ಲೊಬ್ಬ ಹಾರುವ ವೀರ ಬರುತ್ತಿದ್ದ. ಅದು ಮುಗಿಯಿತೆಂದರೆ ಓಣಿಯ ಹುಡುಗರೆಲ್ಲ ಕೊರಳಿಗೆ ಟವೆಲು ಕಟ್ಟಿಕೊಂಡು ಜೋಳದ ಕಣಿಕೆಯ ಬಣವೆ ಹತ್ತಿ ಧುಮುಕುವುದೇ ಧುಮುಕುವುದು. ಬಣವೆಯ ಮಾಲೀಕರು ಬಡಿಗೆ ಹಿಡಿದು ಬಂದರೆ ಎಲ್ಲ ವೀರರೂ ಕಾಲ ಮೇಲೆಯೇ ಓಡುತ್ತಿದ್ದರು. ಒಬ್ಬನೂ ಹಾರಿದ್ದನ್ನು ನಾನು ಕಾಣೆ.

ಒಂದು ದಿನ ಗಂಗಾವತಿ ಬಸ್ ನಿಲ್ದಾಣದ ಹೊರಗೆ, ನೆಲದ ಮೇಲೆ ಹಾಸಿ ಮಾರುತ್ತಿದ್ದವನ ಹತ್ತಿರ ಅಗ್ಗದ ಪ್ಲಾಸ್ಟಿಕ್ ವೀರನೊಬ್ಬನನ್ನು ಕೊಂಡು ತಂದೆ. ಮಗ ಹಿಂದೆ ಮುಂದೆ ತಿರುಗಿಸಿ ನೋಡಿದವನು ತುಟಿ ಉಬ್ಬಿಸಿದ.

"ಇವಗ ಬೆನ್ನಿಗೆ ಅರಿವೀನ ಇಲ್ಲ. ಹ್ಯಾಂಗ ಹಾರತಾನ?"

"ನಮ್ಮ ಬಸ್ಸಿಗೆ ಅರಿವಿ ಐತೇನು? ಆದ್ರೂ ಗಂಗಾವತಿ ಮುಟ್ಟತೈತಿಲ್ಲ?" ಎಂದು ಹೇಳಿ ನಾನು ಮಲಗಿಬಿಟ್ಟೆ. ಎರಡು ಪಾಳಿ ಒಟ್ಟಿಗೆ ಮಾಡಿ ಬಂದಿದ್ದೆ. ಆ ವೀರನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಏನಾಯಿತೆಂದು ಮಗನಿಗೂ ನನ್ನ ಹೆಂಡತಿ ನೀಲವ್ವನಿಗೂ ಮಾತ್ರ ಗೊತ್ತಿತ್ತು.

ನೀಲವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರ, ಕುಬಸದ ತುಂಡು, ಯಾವುದನ್ನೂ ಎಸೆದವಳಲ್ಲ. ಅವಳು ತೀರಿಕೊಂಡಾಗ, ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು ಎಂದು ಹಿರಿಯರು ಹೇಳಿದರು. ನಮ್ಮ ಕಡೆ ಹಾಗೆಯೇ ನಡೆದುಕೊಂಡು ಬಂದಿದೆ. ನಾನೇ ಟ್ರಂಕು ತೆರೆದು ಸೀರೆ, ಕುಬಸ, ಕೌದಿ ಎಲ್ಲವನ್ನೂ ಕೊಟ್ಟುಬಿಟ್ಟೆ. ಶರಣಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದಾದರೂ ಇಟ್ಟುಕೊಳ್ಳುತ್ತೀಯೇನೋ ಎಂದು ನಾನು ಕೇಳಲಿಲ್ಲ. ಗಾಜಿನ ಕಪಾಟು ಬಂದದ್ದು ಅದಾದ ಮೇಲೆ. ಹಾಗೆಂದು ಈಗ ಹೊಳೆಯುತ್ತದೆ.

ಹೋದ ವರ್ಷ ನನ್ನ ತಂಗಿ ಗಂಗವ್ವ ಶ್ರೀರಾಮನಗರದಿಂದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಪುಟ್ಟಿ ಬಂದದ್ದೇ ಕಪಾಟಿನ ಗಾಜಿಗೆ ಮೂಗು ಹಚ್ಚಿ ನಿಂತಿತು. ಊಟಕ್ಕೆ ಕರೆದರೂ ಅಲ್ಲೇ. ಹೊರಡುವ ಹೊತ್ತಿಗೆ ಸಾವಿತ್ರಿ ಗಂಗವ್ವನಿಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಪುಟ್ಟಿಯ ಕೈಗೆ ಬಾಳೆಹಣ್ಣು ಕೊಟ್ಟರೆ ಅದನ್ನು ಎಸೆದು, ಗಾಜಿಗೆ ಕೈ ಬಡಿಯುತ್ತ ಅಳಹತ್ತಿತು. ಮನೆಗೆ ಬಂದ ಕೂಸು ಬರಿಗೈಯಲ್ಲಿ ಅಳುತ್ತ ಹೊಸ್ತಿಲು ದಾಟಿದರೆ ಮನೆ ಹಿರಿಯನಾದ ನನ್ನ ಮಾನ ಎಲ್ಲಿ ಉಳಿಯಿತು? ಕಪಾಟಿನ ಬಾಗಿಲಿಗೆ ಕೈ ಹಾಕಿದೆ.

"ಮಾವಾರ, ಅವರು ಬರ್ಲಿ ತಡೀರಿ," ಎಂದಳು ಸಾವಿತ್ರಿ.

"ಒಂದು ಗೊಂಬಿಗೆ ಅಂವನ ಕೇಳಬೇಕೇನವಾ?"

ಆದರೂ ನಾನು ಜಾಣ ನೋಡಿ, ವಿಚಾರ ಮಾಡಿಯೇ ಆರಿಸಿದೆ. ತುಟ್ಟಿಯವನ್ನೆಲ್ಲ ಬಿಟ್ಟೆ. ಮೂಲೆಯಲ್ಲಿ ಬಣ್ಣ ಹೋದ, ಒಂದು ಕೈ ಸಡಿಲಾದ, ಬೆನ್ನಿಗೆ ಎಂಥದೋ ಚಿಂದಿ ಕಟ್ಟಿದ ಒಬ್ಬನಿದ್ದ. ಇದು ಹೋದರೆ ಮಗನಿಗೇನು ನಷ್ಟ ಎಂದು ಅದನ್ನು ಪುಟ್ಟಿಯ ಕೈಗಿಟ್ಟೆ. ಅಳು ನಿಂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಸಂಜೆ ಬಂದ ಶರಣಪ್ಪನ ಕಣ್ಣು ಚಪ್ಪಲಿ ಬಿಡುವ ಮೊದಲೇ ಕಪಾಟಿನ ಮೂಲೆಗೆ ಹೋಯಿತು.

"ಯಪ್ಪಾ, ಇಲ್ಲಿದ್ದದ್ದು ಎಲ್ಲೈತಿ?"

"ಪುಟ್ಟಿಗೆ ಕೊಟ್ನಿ. ಹಳೇದು, ಕೈ ಬ್ಯಾರೆ ಅಳ್ಳಾಡತಿತ್ತು. ಛಲೋವು ಎಲ್ಲಾ ಹಂಗ ಅದಾವ ನೋಡು."

ಅವನು ಅಲ್ಲೇ ನೆಲದ ಮೇಲೆ ಕುಳಿತ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡಿ ಗೆಲ್ಲುತ್ತಿದ್ದೆ. ಅವನು ಮೆಲ್ಲಗೆ ಹೇಳಿದ, "ಬೆನ್ನಿಗಿದ್ದ ಅರಿವಿ ಅವ್ವಂದು. ತನ್ನ ಕುಬಸದ ಖಣದಾಗ ಉಳದದ್ದನ್ನ ಕತ್ತರಿಸಿ ಹೊಲದಿದ್ಲು. ಆಕಿ ಕೈಯಾನ ಹೊಲಿಗಿ ಈ ಮನ್ಯಾಗ ಅದೊಂದ ಉಳದಿತ್ತು, ಯಪ್ಪಾ."

ನಾನು ಚಿಂದಿ ಎಂದುಕೊಂಡಿದ್ದೆ.

ಮರುದಿನವೇ ಶ್ರೀರಾಮನಗರದ ದಾರಿ ಹಿಡಿದೆ. ಕೂಸಿನ ಕೈಗೆ ಕೊಟ್ಟದ್ದನ್ನು ಮರಳಿ ಕೇಳುವುದು ಎಂಥ ನಾಚಿಕೆಗೇಡು ಎಂದು ನಿಮಗೆ ಹೇಳಬೇಕಿಲ್ಲ. ಅದಕ್ಕೆ ಗಂಗಾವತಿಯಲ್ಲಿ ಇಳಿದು, ಗುಂಡಿ ಒತ್ತಿದರೆ ಎದೆಯಲ್ಲಿ ದೀಪ ಹತ್ತುವ ದೊಡ್ಡ ವೀರನನ್ನು ಕೊಂಡೆ. ಇದನ್ನು ತೋರಿಸಿ ಅದನ್ನು ತೆಗೆದುಕೊಳ್ಳುವ ಉಪಾಯ. ಮತ್ತೊಂದು ಬಸ್ಸು ಹತ್ತಿ ಊರ ಹತ್ತಿರ ಇಳಿದು, ಕಾಲುವೆಯ ದಂಡೆಗುಂಟ, ಭತ್ತದ ಗದ್ದೆಗಳ ನಡುವೆ ನಡೆಯುತ್ತ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ.

ಪುಟ್ಟಿ ಕಟ್ಟೆಯ ಮೇಲೆ ಕುಳಿತಿತ್ತು. ಬೆನ್ನಿನ ಖಣ ಬಿಚ್ಚಿ ವೀರನ ಸೊಂಟಕ್ಕೆ ಸುತ್ತಿ ಸೀರೆ ಉಡಿಸಿತ್ತು. ಹಣೆಗೆ ಕುಂಕುಮ ಬೇರೆ. ದೀಪದ ವೀರನನ್ನು ಕೊಟ್ಟರೆ ಅದನ್ನೂ ತೆಗೆದುಕೊಂಡು, "ಇಕಿಗೆ ಗಂಡ ಬಂದ," ಎಂದು ಪಕ್ಕಕ್ಕೆ ಕೂರಿಸಿತು. ನನ್ನ ಉಪಾಯ ಅಲ್ಲಿಗೆ ಮುಗಿಯಿತು.

ಗಂಗವ್ವ ಹೊರಗೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. "ಏನೋ ಯಣ್ಣಾ, ನಿನ್ನೇನ ಬಂದಿದ್ವಿ. ಇಷ್ಟ ಲಗೂ ನೆನಪಾತೇನು ತಂಗಿದು? ಪಂಚಮಿಗೆ ಕರಿಯಾಕೂ ಬಂದಾಂವಲ್ಲ ನೀ!"

ಬಾಯಿಪಾಠವೆಲ್ಲ ಮರೆತುಹೋಯಿತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳ ಮುಖ ಬದಲಾಯಿತು.

"ಅದು ನೀಲವ್ವ ವೈನಿ ಹೊಲಿಗಿ ಅಂತ ನಾ ಬಸ್ಸಿನ್ಯಾಗ ನೋಡಿದಕೂಡ್ಲೆ ಗುರ್ತು ಹಿಡದ್ನಿ. ಅಕ್ಕಿಕಾಳಿನಂಗ ಸಣ್ಣ ಸಣ್ಣ ಹಾಕತಿದ್ಲು. ವೈನಿ ನೆನಪಿಗಿರ್ಲಿ ಅಂತ ತಿಳದ ಕೊಟ್ಟಿ ಅಂದ್ಕೊಂಡಿದ್ನಿ. ನಿನಗ ಗೊತ್ತಾಗ್ಲಿಲ್ಲೇನೋ?"

"ಇಲ್ಲವಾ."

"ಅಷ್ಟ ವರ್ಷ ಆಕಿ ಕೌದಿ ಹೊಚಗೊಂಡ ಮಕ್ಕೊಂಡಾಂವ!"

ಅವಳು ಕೂಸಿನ ಕೈಯಿಂದ ಕಸಿದು ಕೊಡಲು ಹೋದಳು. ನಾನೇ ಬೇಡವೆಂದೆ. ಒಂದು ಕೂಸನ್ನು ನಗಿಸಲು ಇನ್ನೊಂದನ್ನು ಅಳಿಸಿ ಆಗಿತ್ತು. ಮತ್ತೆ ಅದನ್ನೇ ಮಾಡುವುದೇ? ನಲವತ್ತಾದರೂ ನನ್ನ ಮಗ ನನಗೆ ಕೂಸೇ. ಅದು ಗೊತ್ತಾಗಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಬರಿಗೈಯಲ್ಲಿ ಬಂದು ಮಗನಿಗೆ ಎಲ್ಲ ಹೇಳಿದೆ. ಭಾನುವಾರ ಬಂದಾಗ ಅವನು ಧೂಳು ಒರೆಸಲು ಕೂರದೆ ತಾನೇ ಶ್ರೀರಾಮನಗರಕ್ಕೆ ಹೋದ. ಅದನ್ನು ತಂದೇ ತರುತ್ತಾನೆ, ನಮಗೂ ತಂಗಿಯ ಮನೆಗೂ ಮಾತು ಮುರಿಯುತ್ತದೆ ಎಂದು ನಾನು ಹೆದರಿ ಕುಳಿತಿದ್ದೆ. ಹೊತ್ತು ಮುಳುಗುವಾಗ ಅವನೂ ಬರಿಗೈಯಲ್ಲೇ ಬಂದ.

"ಕೊಡ್ಲಿಲ್ಲೇನು?"

"ನಾ ಕೇಳ್ಲಿಲ್ಲ. ಆ ಹುಡುಗಿ ಅದನ್ನ ಜಗ್ಗತೈತಿ, ತೊಳಿತೈತಿ, ಹಿಂಡತೈತಿ. ಒಂದು ಹೊಲಿಗಿ ಬಿಟ್ಟಿಲ್ಲ, ಯಪ್ಪಾ. ಅವ್ವ ಆಡಾಕಂತನ ಹೊಲದಿದ್ಲು. ನಾ ಗಾಜಿನ್ಯಾಗ ಇಟ್ಟಿದ್ನಿ." ಚಪ್ಪಲಿ ಬಿಡುತ್ತ ಕೇಳಿದ, "ಆ ಖಣ ಅವ್ವ ಯಾವ ಸೀರಿ ಮ್ಯಾಲ ತೊಡತಿದ್ಲು?"

ಸುಳ್ಳು ಹೇಳಬಹುದಿತ್ತು. "ನೆನಪಿಲ್ಲಪಾ," ಎಂದೆ.

ಕಪಾಟಿನ ಆ ಮೂಲೆ ಈಗಲೂ ಖಾಲಿ ಇದೆ. ಇವತ್ತು ಬಂದವನನ್ನು ಸಾವಿತ್ರಿ ಮೇಲಿನ ಸಾಲಿನಲ್ಲಿ ನಿಲ್ಲಿಸಿದಳು. ನಾನು ಬಂದವರ ಮುಂದೆ ಮೀಸೆಯ ಮಾತಾಡುವುದನ್ನು ಬಿಟ್ಟಿದ್ದೇನೆ. ಅಷ್ಟೇ ಅಲ್ಲ, ಈ ವಯಸ್ಸಿನಲ್ಲಿ ನಾನೂ ಕೂಡಿಡಲು ಶುರುಮಾಡಿದ್ದೇನೆ. ಗಂಗವ್ವನಿಗೆ ಫೋನ್ ಮಾಡಿ ನೀಲವ್ವನ ವಿಷಯ ಕೇಳುತ್ತೇನೆ. ಸೀರೆ ಹಸಿರಂತೆ, ಕೆಂಪು ದಡಿಯದಂತೆ. ಆದರೆ ಅದು ಗಂಗವ್ವನ ನೆನಪು, ಎರವಲು ತಂದದ್ದು.

ಇವತ್ತು ಹೊಸ ವೀರನ ಬೆನ್ನಿನ ಬಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ ಕುಳಿತಾಗ, ಯಾರೂ ಹೇಳದೆ, ನನ್ನದೇ ಒಂದು ನೆನಪು ಸಿಕ್ಕಿತು. ನೀಲವ್ವನಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಮೊದಲು ಸೂಜಿಗಳನ್ನು ಮುಂದೆ ಹಿಡಿಯುತ್ತಿದ್ದಳು. ನಾನು ದಾರ ಪೋಣಿಸಿ ಕೊಟ್ಟರೆ ಒಂದೊಂದನ್ನೇ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟುಕೊಂಡು, ನಾನು ಬರುವವರೆಗೆ ಅದರಲ್ಲೇ ಹೊಲಿಯುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಬಂದ ಶರಣಪ್ಪನಿಗೆ ಇದನ್ನು ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. ಮುಗಿದ ಮೇಲೆ ತಾಟನ್ನು ಪಕ್ಕಕ್ಕೆ ಸರಿಸಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ನನ್ನ ಹತ್ತಿರಕ್ಕೆ ಜರುಗಿ ಕುಳಿತ.

"ಇನ್ನೊಂದು ಹೇಳು, ಯಪ್ಪಾ," ಎಂದ.