ಎದ್ದವರೆಲ್ಲ ಸಿದ್ಧರಲ್ಲ

ನಾನು ಬೆಳಿಗ್ಗೆ ಏಳುವುದಕ್ಕೂ ಎಚ್ಚರಾಗುವುದಕ್ಕೂ ನಡುವೆ ಒಂದು ಕಪ್ ಚಹಾದಷ್ಟು ದೂರವಿದೆ. ಕಣ್ಣು ತೆರೆದು ಹಾಸಿಗೆಯ ಮೇಲೆ ಕೂತಿರುವ ನನ್ನ ಸ್ಥೂಲಶರೀರವನ್ನು ಕಂಡು, ಇವಳು ಎದ್ದಳೆಂದು ಭ್ರಮಿಸಿ, ಗ್ಯಾಸ್ ಸಿಲಿಂಡರಿನ ವಿಚಾರ ಎತ್ತಿದವರಿಗೆ ಸಿಗುವುದು ದಿವ್ಯಮೌನ ಮಾತ್ರ. ಈ ದೌರ್ಬಲ್ಯ ನನ್ನೊಬ್ಬಳದೇ ಎಂದು ಬಹುಕಾಲ ನಾಚಿಕೊಂಡಿದ್ದೆ. ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ಕಂಪ್ಯೂಟರಿಗೂ ಅದು ಇದೆಯೆಂದು ತಿಳಿದ ದಿನ ಕುಲಬಾಂಧವರು ಸಿಕ್ಕಷ್ಟು ಸಂತೋಷವಾಯಿತು.

ನನ್ನ ಸಂಸಾರ ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ, ಕೆಲಸ ಹತ್ತಿರದ ಮುರುಮಿನಲ್ಲಿ. ಅಲ್ಲಿ ಒಕ್ಕಲುತನದ ಹೆಣ್ಣುಮಕ್ಕಳೇ ಕೂಡಿ ಕಟ್ಟಿದ ತೊಗರಿ ಖರೀದಿ ಕೇಂದ್ರವೊಂದಿದೆ; ಅದರ ಕಾಟಾಕ್ಕೆ, ಎಂದರೆ ತೂಕದ ಯಂತ್ರಕ್ಕೆ, ಜೋಡಿಸಿದ ಕಂಪ್ಯೂಟರು ನನ್ನ ಸುಪರ್ದಿಯದು. ಅದರೊಳಗೆ ತೂಕಗಳನ್ನು ಜೋಪಾನವಾಗಿಡುವ ಡೇಟಾಬೇಸ್ ಒಂದು, ಅದನ್ನು ನೆಚ್ಚಿಕೊಂಡು ಕಾಟಾ ನಡೆಸುವ ತಂತ್ರಾಂಶ ಇನ್ನೊಂದು. ಕರೆಂಟು ಹೋಗಿ ಬಂದಾಗಲೆಲ್ಲ ಮೊದಲನೆಯದು ಏಳುತ್ತಿತ್ತು, ಎರಡನೆಯದು ನೆಲಕಚ್ಚುತ್ತಿತ್ತು. ನಾನು ಬಸ್ಸಿಳಿದು ಬಂದು ಕೈಯಾರೆ ಎಬ್ಬಿಸಿದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಅಷ್ಟರಲ್ಲಿ ತೊಗರಿಯ ಗಾಡಿಗಳು ವ್ಯಾಪಾರಿಗಳ ಕಾಟಾದ ಕಡೆ ಹೊರಳಿರುತ್ತಿದ್ದವು. ಹೆಂಗಸರ ಕಾಟಾ ಎಷ್ಟು ದಿನ ನಡೆದೀತೆಂದು ಕಾಯುತ್ತಿದ್ದವರಿಗೆ ಅದೊಂದು ಹಬ್ಬ.

ಒಂದು ಬೆಳಿಗ್ಗೆ ಕೇಂದ್ರದ ಅಧ್ಯಕ್ಷೆ ಶರಣಮ್ಮ ಬಾಗಿಲಲ್ಲೇ ನಿಂತಿದ್ದರು.

"ನೀ ಬಂದ ಮ್ಯಾಲೇ ಏಳೂ ಮಶೀನ್ ನಮಗ್ಯಾಕ ಬೇಕವ್ವ? ಇವತ್ತ ನೀಟ ಆಗಲಿಲ್ಲಂದ್ರ ತಗದು ಹಳೀ ತಕ್ಕಡಿ ಕಟ್ತೀನಿ."

ತಕ್ಕಡಿ ಕಟ್ಟಿದರೆ ನನ್ನ ಕೆಲಸವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಹೆದರಿಕೊಂಡೇ ಕೂತು, ಕಂಪ್ಯೂಟರು ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿಯನ್ನು ತೆರೆದೆ. ಡೇಟಾಬೇಸ್ ಮೊದಲು, ಕಾಟಾ ಅನಂತರ ಎಂದು ನಾನೇ ಬರೆದಿಟ್ಟಿದ್ದ ಕ್ರಮವನ್ನು ಅದು ಚಾಚೂ ತಪ್ಪದೆ ಪಾಲಿಸಿತ್ತು. ಆದರೆ ದಿಢೀರನೆ ಕರೆಂಟು ಹೋದದ್ದರಿಂದ ಡೇಟಾಬೇಸ್ ಎದ್ದ ಕೂಡಲೇ ಅರ್ಧಕ್ಕೆ ನಿಂತ ಬರಹಗಳನ್ನು ಸರಿಪಡಿಸುತ್ತ ಕೂತುಬಿಡುತ್ತಿತ್ತು. ಕಾಟಾದ ತಂತ್ರಾಂಶ ಹೋಗಿ ಮಾತಾಡಿಸಿದರೆ ಉತ್ತರವಿಲ್ಲ. ಕೆಲವು ಸಲ ಕರೆದು, ಮುನಿಸಿಕೊಂಡು ಮಲಗಿಬಿಡುತ್ತಿತ್ತು.

ಆಗ ನೆನಪಾದವರು ನಮ್ಮ ಅತ್ತೆ. ಮನೆಗೆ ಜಂಗಮರನ್ನು ಪ್ರಸಾದಕ್ಕೆ ಕರೆದ ದಿನ ಅಯ್ಯನವರು ಹೊಸ್ತಿಲು ದಾಟಿದರೆಂದರೆ ಉಳಿದವರೆಲ್ಲ ತಾಟು ಹಿಡಿದು ಗಡಿಬಿಡಿ ಮಾಡುತ್ತೇವೆ; ಅತ್ತೆ ಮಾತ್ರ ಹಂಚು ಕಾಯಿಸಿಟ್ಟುಕೊಂಡು ಕದಲುವುದಿಲ್ಲ. ಪಾದಕ್ಕೆ ನೀರಾಗಬೇಕು, ಲಿಂಗಪೂಜೆಯಾಗಬೇಕು, ಕೊನೆಗೆ ಅಯ್ಯನವರೇ ನೀಡವ್ವ ಎನ್ನಬೇಕು; ರೊಟ್ಟಿ ಹಂಚಿಗೆ ಬೀಳುವುದು ಆಮೇಲೆಯೇ. ಬಂದವರೆಲ್ಲ ಉಣ್ಣಲು ಕೂತವರಲ್ಲ ಎಂಬುದು ಅತ್ತೆಯ ಪಾಕಶಾಸ್ತ್ರದ ಪ್ರಥಮ ಸೂತ್ರ. ನಾನು ಯಂತ್ರಕ್ಕೆ ಆಗಮನದ ಕ್ರಮವನ್ನಷ್ಟೇ ಕಲಿಸಿದ್ದೆ, ಅಪ್ಪಣೆಗೆ ಕಾಯುವುದನ್ನು ಕಲಿಸಿರಲಿಲ್ಲ.

ಹಾಗಾಗಿ ಡೇಟಾಬೇಸ್, ಕಾಟಾ ಇಬ್ಬರ ನಡುವೆ ಪುಟ್ಟ ಪ್ರೋಗ್ರಾಮೊಂದನ್ನು ಕಾವಲಿಗೆ ಕೂರಿಸಿದೆ. ಸಿದ್ಧವೇ ಎಂದು ಅದು ಡೇಟಾಬೇಸನ್ನು ಕೇಳುತ್ತಲೇ ಇರಬೇಕು. ಹೂಂ ಎಂಬ ಉತ್ತರ ಬಂದ ಮೇಲಷ್ಟೇ ಕಾಟಾವನ್ನು ಎಬ್ಬಿಸಬೇಕು. ಬರೆದದ್ದು ನಾಲ್ಕಾರು ಸಾಲು, ಪಟ್ಟ ಹೆಮ್ಮೆ ಗ್ರಂಥ ಬರೆದಷ್ಟು.

ಶರಣಮ್ಮ ಬಾಯಿಮಾತಿಗೆ ಬಗ್ಗುವವರಲ್ಲ. ಕುರಿ ಸಾಕುವ ಮನೆತನದ ಮಾಳವ್ವನ ತೊಗರಿ ಚೀಲ ಕಾಟಾದ ಮುಂದೆ ಇಳಿಯುತ್ತಿದ್ದಂತೆ ತಾವೇ ಹೋಗಿ ಮೇನ್ ಸ್ವಿಚ್ ಕೆಳಗೆಳೆದು, ಮತ್ತೆ ಮೇಲೆತ್ತಿದರು. ಕೀಲಿಮಣೆ ಮುಟ್ಟಬಾರದೆಂದು ನನ್ನೆರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೆ. ಪರದೆ ಕಪ್ಪಗೇ ಇತ್ತು. ಗಾಡಿಗಳ ಸಾಲಿನಲ್ಲಿ ಯಾರೋ ವ್ಯಾಪಾರಿಗಳ ಕಡೆ ಹೊರಳಲು ಎತ್ತಿನ ಹಗ್ಗಕ್ಕೆ ಕೈಹಾಕಿದರು. ಅಷ್ಟರಲ್ಲಿ ಪರದೆಯ ಮೇಲೆ, ತೂಗಲು ಸಿದ್ಧ ಎಂಬ ಸೊನ್ನೆ ಮೂಡಿತು. ಮಾಳವ್ವ ಯಾರನ್ನೂ ಕೇಳದೆ ಚೀಲವನ್ನು ಕಾಟಾದ ಮೇಲಿಟ್ಟಳು.

"ನಾಳಿ ನೀ ಮನ್ಯಾಗ ಇರು," ಎಂದರು ಶರಣಮ್ಮ. "ನೀ ಇಲ್ದ ಹೆಂಗ ನಡೀತದ ನೋಡ್ತೀನಿ."

ಮರುದಿನ ಮುಂಜಾನೆ ಆ ಭಾಗದಲ್ಲೆಲ್ಲ ಕರೆಂಟು ಹೋಗಿ ಬಂತು. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ, ಯಾರೂ ಕರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ನಾನೇ ಶರಣಮ್ಮನವರಿಗೆ ಫೋನು ಹಚ್ಚಿದೆ.

"ತೂಗ್ಲಾಕತ್ತೀವಿ, ಆಮ್ಯಾಲ ಮಾತಾಡು," ಎಂದು ಅವರು ಕಟ್ ಮಾಡಿದರು.

ನನ್ನ ಫೋನನ್ನು ಕಟ್ ಮಾಡಿದವರು ಜೀವಮಾನದಲ್ಲಿ ಬಹಳ ಮಂದಿ. ಆದರೆ ಅದನ್ನು ಅತ್ತೆಗೆ, ಅತ್ತೆ ಸಾಲದೆಂದು ಆಚೆಮನೆಯವರಿಗೆ, ಎರಡೆರಡು ಸಲ ಹೇಳಿಕೊಂಡು ಮೆರೆದದ್ದು ಅವತ್ತೇ.